ಶಿರಾದಿಂದ ಮುಳಬಾಗಿಲಿನವರೆಗೆ ಜಿಯೋಕ್ಯಾಶ್ ಬೇಟೆ: ಯಾವ ನಕ್ಷೆ ಎಲ್ಲಿಯವರೆಗೆ ಕೈ ಹಿಡಿಯುತ್ತದೆ?

ಹೆದ್ದಾರಿಯಲ್ಲಿ ಹೋಗುತ್ತಾ ಜಿಯೋಕ್ಯಾಶ್, ಅಂದರೆ ಆಟಕ್ಕೆಂದು ಯಾರೋ ಅಡಗಿಸಿಟ್ಟ ಡಬ್ಬಿ, ಹುಡುಕಲು ಯಾವ ಆನ್‌ಲೈನ್ ನಕ್ಷೆ ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಒಂದೇ ನಕ್ಷೆಯನ್ನು ನಂಬಿ ಮನೆ ಬಿಡಬೇಡಿ. ಡಾಂಬರು ಇರುವವರೆಗೆ ಗೂಗಲ್, ಡಾಂಬರು ಮುಗಿದ ಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್, ಕೊನೆಯ ಅರ್ಧ ಸರಪಳಿಗೆ ನಿಮ್ಮ ಕಣ್ಣು. ಸರಪಳಿಯ ಲೆಕ್ಕದಲ್ಲಿ ಮಾತಾಡುವುದು ನನ್ನ ಹಳೆಯ ಚಾಳಿ. ತುಮಕೂರು ಜಿಲ್ಲೆಯಲ್ಲಿ ಭೂಮಾಪಕನಾಗಿದ್ದು ನಿವೃತ್ತನಾದವನು ನಾನು. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ, ಉದ್ದ ಒಂದು ಸರಪಳಿ ಅಗಲ ಒಂದು ಸರಪಳಿಯಾದರೆ ಒಂದು ಗುಂಟೆ. ನಿವೃತ್ತಿಯ ದಿನ ಕಚೇರಿಯ ಬೀಗದ ಕೈ ಕೊಟ್ಟು ಬಂದೆ, ಈ ಲೆಕ್ಕವನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಸ್ವಲ್ಪ ವೃತ್ತಿಯ ಸೊಕ್ಕು ಕಂಡರೆ ಓದುಗರು ಸಹಿಸಿಕೊಳ್ಳಬೇಕು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಯಾರೋ ಒಬ್ಬರು ನೀರು ಇಳಿಯದ ಡಬ್ಬಿಯೊಳಗೆ ಒಂದು ಕಾಗದದ ಸುರುಳಿ ಇಟ್ಟು, ಅದನ್ನು ಎಲ್ಲೋ ಮರೆಮಾಡಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಹುಡುಕಿ ತೆಗೆದು, ಸುರುಳಿಯಲ್ಲಿ ಹೆಸರು ಮತ್ತು ದಿನಾಂಕ ಬರೆದು, ಡಬ್ಬಿಯನ್ನು ಇದ್ದಂತೆಯೇ ಇಟ್ಟು ಬರಬೇಕು. ಡಬ್ಬಿ ದೊಡ್ಡದಾಗಿದ್ದರೆ ಒಳಗೆ ಸಣ್ಣಪುಟ್ಟ ಆಟಿಕೆ, ನಾಣ್ಯ ಇರುತ್ತವೆ; ಒಂದನ್ನು ತೆಗೆದುಕೊಂಡರೆ ಅದೇ ಬೆಲೆಯ ಇನ್ನೊಂದನ್ನು ಇಡಬೇಕು. ಇದೆಲ್ಲ ಶುರುವಾದದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಕೈಯಲ್ಲಿ ಹಿಡಿದ ಯಂತ್ರ ನೂರು ಮೀಟರಿನಷ್ಟು ಅತ್ತಿತ್ತ ಹೇಳುತ್ತಿತ್ತು. ಆ ಬೆರಕೆ ನಿಂತ ಮರುದಿನವೇ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ಟನ್ನು ಅಡಗಿಸಿ, ಅದರ ಅಂಕಿಗಳನ್ನು ಎಲ್ಲರಿಗೂ ತಿಳಿಸಿದರು. ಒಳಗೆ ಹೆಸರು ಬರೆಯಲು ಪುಸ್ತಕ, ಪೆನ್ಸಿಲ್, ಜೊತೆಗೆ ಒಂದು ಡಬ್ಬ ಬೇಯಿಸಿದ ಕಾಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋಕ್ಯಾಶಿಂಗ್ ಡಾಟ್ ಕಾಮ್ ತೆರೆಯಿತು. ಈಗ ಲೋಕದಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಹೆಚ್ಚು.

ಆ 30 ಲಕ್ಷದಲ್ಲಿ ನಮ್ಮ ಪಾಲಿಗೆ ಬಂದಿರುವುದು ಚೂರುಪಾರು. ಯೂರೋಪಿನ ಯಾವುದಾದರೂ ಪಟ್ಟಣವನ್ನು ನಕ್ಷೆಯಲ್ಲಿ ತೆರೆದರೆ ರಸ್ತೆಗಳೇ ಕಾಣದಷ್ಟು ಗುರುತುಗಳು ಮುತ್ತಿಕೊಂಡಿರುತ್ತವೆ. ನಮ್ಮ ಕಡೆ ಬೆರಳಿನಿಂದ ಎಷ್ಟೋ ಹೊತ್ತು ಸರಿಸಿದ ಮೇಲೆ ಒಂದು ಬೆಟ್ಟದ ಹತ್ತಿರ ಒಂದು ಹಸಿರು ಚುಕ್ಕೆ. ಬೇಸರಪಡಬೇಕಾಗಿಲ್ಲ. ಡಬ್ಬಿಗಳು ವಿರಳವಾಗಿರುವುದರಿಂದಲೇ ಇಲ್ಲಿ ಪ್ರವಾಸಕ್ಕೆ ನಕ್ಷೆಯ ಅಗತ್ಯ ಹೆಚ್ಚು: ಎಲ್ಲಿ ಹೆದ್ದಾರಿ ಬಿಡಬೇಕು, ಒಂದು ಡಬ್ಬಿಗಾಗಿ ಎಷ್ಟು ದೂರ ಒಳಗೆ ಹೋಗಬಹುದು, ಅದರ ಜೊತೆ ನೋಡುವಂಥದ್ದು ಏನಿದೆ ಎಂದು ಮೊದಲೇ ಕೂತು ನಿರ್ಧರಿಸಬೇಕು. ನಾನು ಆರಿಸಿಕೊಂಡದ್ದು ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಮುಳಬಾಗಿಲು ಎಂದು ಸಾಗುವ ಹೆದ್ದಾರಿ. ಬೆಂಗಳೂರಿನ ಮುಖ ನೋಡದೆ ಮೂರು ಜಿಲ್ಲೆಗಳನ್ನು ಅಡ್ಡಕ್ಕೆ ಹೊಲಿಯುವ ದಾರಿ ಇದು. ಜೊತೆಗೆ ಮೊಮ್ಮಗಳು, ಕಾಲೇಜಿನ ರಜೆ, ಚುರುಕು ಕಣ್ಣು, ನನ್ನ ಬಗ್ಗೆ ಮಿತವಾದ ಗೌರವ. ಈ ಹುಚ್ಚು ಹಿಡಿಸಿದ್ದೂ ಅವಳೇ.

ಡಬ್ಬಿಗಳ ಪಟ್ಟಿ ಇರುವುದು ಜಿಯೋಕ್ಯಾಶಿಂಗ್ ತಾಣದ ಸ್ವಂತ ನಕ್ಷೆಯಲ್ಲಿ, ಆದ್ದರಿಂದ ಅಲ್ಲಿಂದಲೇ ಶುರುಮಾಡಬೇಕು. ನಕ್ಷೆಯ ಭಾಷೆ ಸರಳ. ಹಸಿರು ಗುರುತು ಎಂದರೆ ಕೊಟ್ಟ ಅಂಕಿಯಲ್ಲೇ ಇರುವ ನೇರವಾದ ಡಬ್ಬಿ. ನೀಲಿ ಪ್ರಶ್ನಾರ್ಥಕ ಚಿಹ್ನೆ ಎಂದರೆ ಒಗಟು ಬಿಡಿಸಿದರಷ್ಟೇ ನಿಜವಾದ ಜಾಗ ತಿಳಿಯುತ್ತದೆ. ಸಿಕ್ಕಿತೆಂದು ದಾಖಲಿಸಿದರೆ ಅದೇ ಜಾಗದಲ್ಲಿ ಹಳದಿ ನಗುಮುಖ ಮೂಡುತ್ತದೆ, ಸಿಗದಿದ್ದರೆ ನೀಲಿ ಸಪ್ಪೆಮುಖ. ಪ್ರತಿ ಡಬ್ಬಿಗೂ ಎರಡು ಅಂಕ, ಒಂದರಿಂದ ಐದರವರೆಗೆ. ಒಂದು ಅಂಕ ಹುಡುಕುವ ಕಷ್ಟಕ್ಕೆ, ಇನ್ನೊಂದು ನೆಲದ ಕಷ್ಟಕ್ಕೆ. ಅರವತ್ತು ದಾಟಿದವರು ಎರಡನೆಯದನ್ನು ಮೊದಲು ನೋಡಬೇಕು. ನೆಲದ ಅಂಕ ಒಂದು ಎಂದರೆ ಗಾಲಿಕುರ್ಚಿಯಲ್ಲೂ ತಲುಪಬಹುದು. ಐದು ಎಂದರೆ ಹಗ್ಗವೋ ದೋಣಿಯೋ ಬೇಕು.

ಈ ನಕ್ಷೆಯ ಬಗ್ಗೆ ನನ್ನ ತಕರಾರು ಹಣದ್ದು. ಉಚಿತ ಸದಸ್ಯರಿಗೆ ಅಧಿಕೃತ ಆ್ಯಪ್‌ನಲ್ಲಿ ಸುಲಭದ ಡಬ್ಬಿಗಳಷ್ಟೇ ತೆರೆದುಕೊಳ್ಳುತ್ತವೆ. ನಮ್ಮ ಬೆಟ್ಟಸೀಮೆಯಲ್ಲಿ ಸುಲಭದ್ದು ಎಷ್ಟಿದ್ದೀತು? ಅದೇ ತಾಣವನ್ನು ಬ್ರೌಸರಿನಲ್ಲಿ ತೆರೆದರೆ ಹಣ ಕೊಟ್ಟವರಿಗಾಗಿಯೇ ಮೀಸಲಿಟ್ಟವನ್ನು ಬಿಟ್ಟು ಉಳಿದವೆಲ್ಲ ಕಾಣುತ್ತವೆ; ಹಾಗಾಗಿ ಪುಕ್ಕಟೆ ಆಡುವವರು ಬ್ರೌಸರಿಗೆ ಅಂಟಿಕೊಳ್ಳುವುದು ಲೇಸು. ಹಣ ಕೊಟ್ಟವರಿಗೆ ಸಿಗುವ ಸೌಲಭ್ಯಗಳಲ್ಲಿ ಪ್ರವಾಸಕ್ಕೆ ನಿಜವಾಗಿ ಬೇಕಾದದ್ದು ಒಂದು: ಹೊರಡುವ ಊರು, ಸೇರುವ ಊರು ಕೊಟ್ಟು ದಾರಿಯನ್ನು ಎಳೆದರೆ ಅದರ ಎರಡೂ ಬದಿಯಲ್ಲಿ ನೀವು ಹೇಳಿದಷ್ಟು ಅಗಲದ ಪಟ್ಟಿಯೊಳಗಿನ ಡಬ್ಬಿಗಳನ್ನು ಹೆಕ್ಕಿಕೊಡುತ್ತದೆ, ಒಂದು ಸಲಕ್ಕೆ ಸಾವಿರದವರೆಗೆ. ಆ ಸಾವಿರದ ಮಿತಿಯನ್ನು ನೋಡಿ ಮೊಮ್ಮಗಳು ನಕ್ಕಳು. ನಮ್ಮ ಹೆದ್ದಾರಿಗೆ ಆ ಪಟ್ಟಿ ಒಂದು ಪರದೆಯಲ್ಲೇ ಮುಗಿದುಹೋಗುತ್ತದೆ. ಸೌಲಭ್ಯ ಚೆನ್ನಾಗಿದೆ, ಸಂಶಯವಿಲ್ಲ. ಆದರೆ ಅದು ನಮ್ಮ ದಾರಿಗಾಗಿ ಮಾಡಿದ್ದಲ್ಲ.

ಇದೇ ತಾಣದಲ್ಲಿ ಇನ್ನೊಂದು ಸಂಗತಿ ನಕ್ಷೆಗಿಂತ ಬೆಲೆಬಾಳುತ್ತದೆ, ಮತ್ತು ಅದು ಪುಕ್ಕಟೆ: ಹಿಂದೆ ಬಂದುಹೋದವರ ದಾಖಲೆ. ಹೊರಡುವ ಹಿಂದಿನ ರಾತ್ರಿ ಪ್ರತಿ ಡಬ್ಬಿಯ ಕೊನೆಯ ನಾಲ್ಕೈದು ದಾಖಲೆಗಳನ್ನು ಓದಿ. ಸಾಲಾಗಿ ಸಪ್ಪೆಮುಖಗಳಿದ್ದರೆ ಡಬ್ಬಿ ಅಲ್ಲಿಲ್ಲ ಎಂದೇ ತಿಳಿಯಿರಿ. ಮಳೆಯೋ, ಮಂಗವೋ, ಗುಜರಿ ಆಯುವವರೋ ಕೊಂಡೊಯ್ದಿರುತ್ತಾರೆ. ಚುಕ್ಕೆ ಮಾತ್ರ ನಕ್ಷೆಯಲ್ಲಿ ಠೀವಿಯಿಂದ ಕೂತಿರುತ್ತದೆ. ಜಮೀನು ಮಾರಿ ವರ್ಷಗಳಾದರೂ ಪಹಣಿಯಲ್ಲಿ ಹಳೆಯ ಮಾಲೀಕನ ಹೆಸರೇ ನಿಂತಿರುವ ಹಾಗೆ.

ಈಗ ಅಂಕಿಗಳ ಮಾತು. ಇದನ್ನು ನಿಧಾನವಾಗಿ ಓದಿ, ಏಕೆಂದರೆ ಹೊಸಬರ ಪೆಟ್ರೋಲು ಹೆಚ್ಚು ಸುಡುವುದು ಇಲ್ಲಿಯೇ. ಜಿಯೋಕ್ಯಾಶ್ ತಾಣ ಜಾಗವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಕೊಡುತ್ತದೆ. ಉದಾಹರಣೆಗೆ ನಂದಿಬೆಟ್ಟದ ನೆತ್ತಿ ಸುಮಾರಾಗಿ ಉತ್ತರ 13 ಡಿಗ್ರಿ 22.200 ನಿಮಿಷ, ಪೂರ್ವ 77 ಡಿಗ್ರಿ 41.000 ನಿಮಿಷ. ಬೇರೆ ನಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ದಶಮಾಂಶ ಡಿಗ್ರಿ. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಸೇರಿಸಬೇಕು: 13.370, 77.683. ಭಾಗಿಸದೆ 13.222, 77.410 ಎಂದು ಒತ್ತಿದರೆ ನಕ್ಷೆ ಬೇಸರಿಸದೆ, ಎಚ್ಚರಿಸದೆ, ನಿಮ್ಮನ್ನು ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ನೈಋತ್ಯಕ್ಕೆ, ನೆಲಮಂಗಲ ಮತ್ತು ದೊಡ್ಡಬಳ್ಳಾಪುರದ ನಡುವಿನ ಯಾವುದೋ ಹೊಲಕ್ಕೆ ಕಳಿಸುತ್ತದೆ. ಅಲ್ಲಿ ನಿಂತು ಬೆಟ್ಟ ಎಲ್ಲಿ ಎಂದು ಕೇಳಿದರೆ ಹೊಲದವರು ಕೈ ಎತ್ತಿ ಈಶಾನ್ಯ ತೋರಿಸಿಯಾರು. ಗೂಗಲ್ ನಕ್ಷೆಯ ಹುಡುಕುವ ಜಾಗದಲ್ಲಿ ಡಿಗ್ರಿ, ಒಂದು ಖಾಲಿ ಜಾಗ, ಆಮೇಲೆ ನಿಮಿಷ ಎಂದು ಬರೆದರೆ ಅದು ತಾನೇ ಅರ್ಥಮಾಡಿಕೊಳ್ಳುತ್ತದೆ, ಭಾಗಾಕಾರದ ಗೋಜಿಲ್ಲ. ಇನ್ನೊಂದು ವಿಷಯ, ನನ್ನಂಥ ಹಳಬರಿಗೆ: ಅಟ್ಟದ ಮೇಲಿರುವ ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳನ್ನು, ಅಂದರೆ ತುಮಕೂರು ಚಿಕ್ಕಬಳ್ಳಾಪುರಕ್ಕೆ 57ಜಿ, ಕೋಲಾರಕ್ಕೆ 57ಕೆ, ಇಳಿಸಿ ಧೂಳು ಕೊಡವಿದರೆ ಸಂತೋಷವೇ. ಅದರ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ನೇರವಾಗಿ ಫೋನಿಗೆ ಹಾಕಬೇಡಿ. ಭೂಮಿಯ ಆಕಾರಕ್ಕೆ ಆ ಹಾಳೆಗಳು ಹಿಡಿದದ್ದು ಎವರೆಸ್ಟ್ ಗೋಳ ಎಂಬ ಹಳೆಯ ಲೆಕ್ಕ, ಜಿಪಿಎಸ್ ಹಿಡಿದದ್ದು ಡಬ್ಲ್ಯುಜಿಎಸ್ 84 ಎಂಬ ಬೇರೆ ಲೆಕ್ಕ. ಎರಡೂ ಸರಿ, ಒಂದಕ್ಕೊಂದು ಕೂಡುವುದಿಲ್ಲ.

ಗೂಗಲ್ ನಕ್ಷೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಬರೆಯುವುದಿಲ್ಲ. ದಾರಿ ಯೋಜನೆಗೆ ಅದರಷ್ಟು ಅನುಕೂಲ ಬೇರೆಯದಿಲ್ಲ. ಒಂದು ಪ್ರಯಾಣಕ್ಕೆ ಒಂಬತ್ತು ನಿಲುಗಡೆಗಳನ್ನು ಸೇರಿಸಬಹುದು, ನಮ್ಮ ಹೆದ್ದಾರಿಗೆ ಧಾರಾಳವಾಯಿತು. ಇನ್ನೂ ಚೊಕ್ಕಟವಾಗಿ ಬೇಕೆಂದರೆ ಅದರ ಮೈ ಮ್ಯಾಪ್ಸ್ ಸೌಲಭ್ಯದಲ್ಲಿ ಡಬ್ಬಿಗಳ ಅಂಕಿಗಳಿರುವ ಜಿಪಿಎಕ್ಸ್ ಕಡತವನ್ನು ಹಾಕಿ, ಊಟದ ಜಾಗ, ದೇವಸ್ಥಾನ, ಪೆಟ್ರೋಲ್ ಬಂಕುಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿಕೊಳ್ಳಬಹುದು. ಮೊಮ್ಮಗಳು ಮಾಡಿದ ನಕ್ಷೆಯಲ್ಲಿ ಡಬ್ಬಿ ಹಸಿರು, ಗುಡಿ ಕೇಸರಿ, ದೋಸೆ ಕೆಂಪು. ಮುಳಬಾಗಿಲಿನ ಹತ್ತಿರ ಕೆಂಪು ಸ್ವಲ್ಪ ಹೆಚ್ಚಾಗಿಯೇ ಇತ್ತು, ನಾನು ಆಕ್ಷೇಪಿಸಲಿಲ್ಲ. ಹೊರಡುವ ಮುನ್ನ ಆ ಭಾಗದ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳುವುದನ್ನು ಮರೆಯಬೇಡಿ. ಬಂಡೆಗಳ ಸಂದಿಯಲ್ಲಿ ಸಿಗ್ನಲ್ ಇರುತ್ತದೆ ಎಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ.

ಡಾಂಬರು ಬಿಟ್ಟು ಕೆಳಗಿಳಿದ ಮೇಲೆ ಕಥೆ ಬೇರೆ. ಆನ್‌ಲೈನ್ ನಕ್ಷೆಗಳಲ್ಲಿ ಎಷ್ಟೋ ದಾರಿಗಳು ಉಪಗ್ರಹ ಚಿತ್ರವನ್ನು ನೋಡಿ ಎಳೆದವು. ಆಕಾಶದಿಂದ ನೋಡಿದರೆ ಗಣಿಯ ಲಾರಿ ದಾರಿಗೂ ಊರಿನ ರಸ್ತೆಗೂ ವ್ಯತ್ಯಾಸ ಕಾಣುವುದಿಲ್ಲ. ಗೌರಿಬಿದನೂರು ದಾಟಿದ ಮೇಲೆ ನಾವು ಬಳಸುತ್ತಿದ್ದ ನಕ್ಷೆಗಳಲ್ಲಿ ಒಂದು, ಯಾವುದೆಂದು ಹೇಳಿ ಜಗಳ ಕಾಯುವುದಿಲ್ಲ, ಹತ್ತಿರದ ದಾರಿ ಎಂದು ನಮ್ಮನ್ನು ಜಲ್ಲಿ ಗುಡ್ಡೆಯ ಮುಂದೆ ತಂದು ನಿಲ್ಲಿಸಿತು. ಇನ್ನೊಂದು ಫೋನಿನ ನಕ್ಷೆ ಹಿಂದಕ್ಕೆ ಹೋಗಿ ಕೆರೆ ಏರಿಯ ಮೇಲಿನ ದಾರಿ ಹಿಡಿಯಲು ಹೇಳುತ್ತಿತ್ತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಈ ಸಲ ಗೆದ್ದದ್ದು ಏರಿ.

ಆ ಎರಡನೆಯ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಯೋಜನೆ. ಲೋಕದ ಸ್ವಯಂಸೇವಕರು ತಾವು ನಡೆದ ದಾರಿಯನ್ನು ತಾವೇ ಎಳೆದು ಸೇರಿಸುತ್ತಾರೆ. ಯಾರೂ ನಡೆಯದ ಊರಿನಲ್ಲಿ ಅದು ಬರಿದು, ಚಾರಣಿಗರು ಎಡತಾಕುವ ಬೆಟ್ಟದಲ್ಲಿ ಅದು ತುಂಬಿದ ಕೊಡ. ಮಧುಗಿರಿಯ ಏಕಶಿಲಾ ಬೆಟ್ಟ, ಸ್ಕಂದಗಿರಿ, ನಂದಿಬೆಟ್ಟದಂಥ ಕಡೆ ಕಾಲುದಾರಿ, ಮೆಟ್ಟಿಲು ಇವು ರಸ್ತೆಗೆಂದು ಮಾಡಿದ ನಕ್ಷೆಗಳಿಗಿಂತ ಇದರಲ್ಲಿ ಚೆನ್ನಾಗಿ ಸಿಗುತ್ತವೆ. ಇದನ್ನು ಫೋನಿನಲ್ಲಿ ನೋಡಲು ಆಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್‌ಗಳಿವೆ. ಮೊದಲನೆಯದರಲ್ಲಿ ಎತ್ತರದ ಗೆರೆಗಳನ್ನೂ ಹಾಕಿಕೊಳ್ಳಬಹುದು, ನನಗೆ ಅದಿಲ್ಲದ ನಕ್ಷೆ ಉಪ್ಪಿಲ್ಲದ ಸಾರು. ಗೆರೆಗಳು ಒತ್ತೊತ್ತಾಗಿ ಬಂದ ಕಡೆ ಬಂಡೆ ಕಡಿದಾಗಿದೆ ಎಂದು ಅರ್ಥ; ನಕ್ಷೆಯಲ್ಲಿ 80 ಮೀಟರ್ ದೂರ ಎಂದು ತೋರಿಸುವ ಡಬ್ಬಿ ನಿಜದಲ್ಲಿ ನಿಮ್ಮ ತಲೆಯ ಮೇಲೆ ಇರಬಹುದು. ಇನ್ನೊಂದು ಸುಖ, ಊರಿನ ಹೆಸರು ತಪ್ಪಿದ್ದರೆ ನಾವೇ ತಿದ್ದಬಹುದು. ಕನ್ನಡದ ಹೆಸರಿಗೆ ಅದರಲ್ಲಿ ಪ್ರತ್ಯೇಕ ಜಾಗವಿದೆ. ಹೋದ ಬೇಸಿಗೆಯಲ್ಲಿ ನಾನು ಕೊರಟಗೆರೆ ಸೀಮೆಯ ಕೆಲವು ಕೆರೆಗಳಿಗೆ ಹೆಸರಿಟ್ಟೆ. ಆ ಕೆಲಸಕ್ಕೆ ಯಾವ ಮೇಲಧಿಕಾರಿಯ ಸಹಿಯೂ ಬೇಕಾಗಲಿಲ್ಲ.

ಆಂಡ್ರಾಯ್ಡ್ ಫೋನ್ ಇರುವವರಿಗೆ ನನ್ನ ಶಿಫಾರಸು ಸಿ:ಜಿಯೋ. ಹಣ ಕೇಳುವುದಿಲ್ಲ, ಜಾಹೀರಾತಿಲ್ಲ, ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಜಿಯೋಕ್ಯಾಶ್ ತಾಣದ ಖಾತೆಯನ್ನು ಅದಕ್ಕೆ ಜೋಡಿಸಿದರೆ ಡಬ್ಬಿಗಳನ್ನು ತಂದು ಓಪನ್‌ಸ್ಟ್ರೀಟ್‌ಮ್ಯಾಪಿನ ಮೇಲೆಯೇ ಹರಡುತ್ತದೆ, ವಿವರ ಮತ್ತು ಹಳೆಯ ದಾಖಲೆಗಳನ್ನು ಫೋನಿನಲ್ಲೇ ಉಳಿಸಿಕೊಳ್ಳುತ್ತದೆ, ಹತ್ತಿರ ಬಂದಾಗ ನಕ್ಷೆ ಬಿಟ್ಟು ದಿಕ್ಸೂಚಿಯ ಬಾಣಕ್ಕೆ ಬದಲಾಗುತ್ತದೆ. ಮುಖ ನೋಡಲು ಚೆಲುವಾದ ಆ್ಯಪ್ ಅಲ್ಲ. ಗುಂಡಿಗಳು ಹತ್ತೆಂಟು, ಪಟ್ಟಿಯೊಳಗೆ ಪಟ್ಟಿ. ನಮ್ಮ ಹಳೆಯ ಕಚೇರಿಯ ಕಪಾಟಿನ ವಾಸನೆ ಬಂದಂತಾಗಿ ನನಗೆ ಹಿಡಿಸಿತು. ಮೊಮ್ಮಗಳಿಗೆ ಹಿಡಿಸಲಿಲ್ಲ, ಅವಳು ಅಧಿಕೃತ ಆ್ಯಪನ್ನೇ ಬಳಸಿದಳು.

ಇನ್ನು ಅರ್ಧ ಸರಪಳಿಯ ವಿಚಾರ. ತೆರೆದ ಆಕಾಶದಡಿ ಒಳ್ಳೆಯ ಫೋನು ತಾನು ನಿಂತ ಜಾಗವನ್ನು ಸುಮಾರು ಐದು ಮೀಟರಿನೊಳಗೆ ಹೇಳುತ್ತದೆ. ಐದು ಮೀಟರ್ ಎಂದರೆ ಸುಮಾರು ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಅರ್ಧ ಸರಪಳಿ, ಎಂಟು ಆಣೆ. ಕೇಳಲು ಪುಟ್ಟದು. ಆದರೆ ಸುತ್ತಲೂ ಐದು ಮೀಟರಿನ ವೃತ್ತ ಎಂದರೆ ಮುಕ್ಕಾಲು ಗುಂಟೆ ನೆಲ. ಮರ, ಬಂಡೆಗಳ ನಡುವೆ ಆ ದೋಷ ಹತ್ತು ಮೀಟರಿಗೆ ಏರಿದರೆ ಮೂರು ಗುಂಟೆಗೂ ಹೆಚ್ಚು. ಡಬ್ಬಿ ಇಟ್ಟವರ ಫೋನಿಗೂ ಇಷ್ಟೇ ದೋಷ ಇತ್ತು ಎಂಬುದನ್ನು ಸೇರಿಸಿಕೊಳ್ಳಿ. ಹೆಬ್ಬೆರಳಿನ ಗಾತ್ರದ ಡಬ್ಬಿಗೆ ಮೂರು ಗುಂಟೆ! ನಮ್ಮ ಕಡೆ ಅದಕ್ಕಿಂತ ಕಡಿಮೆ ಜಾಗಕ್ಕೆ ದಾಯಾದಿಗಳು ನ್ಯಾಯಾಲಯದಲ್ಲಿ ಮುದುಕರಾಗಿದ್ದಾರೆ.

ಇದರಲ್ಲಿ ಬಂಡೆಗಳ ಪಾತ್ರ ದೊಡ್ಡದು. ರಾಮನಗರದ ಕಡೆಯಿಂದ ಉತ್ತರಕ್ಕೆ ತುಮಕೂರು ಜಿಲ್ಲೆಯನ್ನು ಹಾಯ್ದು ಹೋಗುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿ ಸುಮಾರು 250 ಕೋಟಿ ವರ್ಷ ಹಳೆಯದು. ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತಿರುತ್ತವೆ. ಉಪಗ್ರಹದ ಸಂಕೇತ ನೇರವಾಗಿ ಬರುವ ಬದಲು ಗುಂಡಿನ ಮೈಗೆ ಬಡಿದು ಸುತ್ತಿ ಬಂದರೆ ಫೋನು ಆ ಹೆಚ್ಚುವರಿ ದೂರವನ್ನೂ ಲೆಕ್ಕಕ್ಕೆ ಹಿಡಿದು ನಿಮ್ಮನ್ನು ಬೇರೆಡೆ ನಿಲ್ಲಿಸುತ್ತದೆ. ಮಧುಗಿರಿಯ ಆಚೆ ಒಂದು ಗುಂಡಿನ ಬುಡದಲ್ಲಿ ಬಾಣ ಮೊದಲು ಪೂರ್ವ ತೋರಿಸಿತು, ನಾಲ್ಕು ಹೆಜ್ಜೆ ಇಟ್ಟೊಡನೆ ಪಶ್ಚಿಮ, ನಿಂತರೆ ಸುಮ್ಮನೆ ತಿರುಗತೊಡಗಿತು. ಮೊಮ್ಮಗಳು ಬಾಣದ ಹಿಂದೆ ಓಡಾಡಿದಳು. ನಾನು ಬೇರೆ ಉಪಾಯ ಮಾಡಿದೆ. ಗುಂಡಿನಿಂದ ದೂರ, ಆಕಾಶ ಚೆನ್ನಾಗಿ ಕಾಣುವ ಬಯಲಿಗೆ ಹೋಗಿ ನಿಂತು, ಅಂಕಿ ಸ್ಥಿರವಾಗುವವರೆಗೆ ಕಾದು, ಬಾಣದ ದಿಕ್ಕಿಗೆ ನೇರವಾಗಿ ಕಾಣುವ ಒಂದು ಬಂಡೆಯನ್ನು ಗುರುತಿಟ್ಟುಕೊಂಡೆ. ಆಮೇಲೆ ಬಲಕ್ಕೆ ಐವತ್ತು ಹೆಜ್ಜೆ ಸರಿದು ಅದೇ ಕೆಲಸ. ಎರಡು ಗೆರೆಗಳು ಕೂಡುವ ಕಡೆ ಒಂದು ಗೋಣಿಮರ, ಅದರ ಬೇರು ಹೊಕ್ಕ ಒಂದು ಬಿರುಕು. ಅಡ್ಡಹಲಗೆ ಎಂಬ ಸರ್ವೆಯ ಸಾಧನ ಹಿಡಿದು ಕಲಿತ ಮೊದಲ ಪಾಠವೇ ಇದು, ಫೋನು ಬಂದಿದೆ ಎಂದು ರೇಖಾಗಣಿತ ಬದಲಾಗಿಲ್ಲ.

ಬಿರುಕಿಗೆ ಕೈ ಹಾಕುವ ಮುನ್ನ ಕೋಲು ಹಾಕಿ ಆಡಿಸಿದೆ. ಹಾವು, ಚೇಳುಗಳಿಗೆ ನಮ್ಮ ಆಟ ಗೊತ್ತಿಲ್ಲ. ಒಳಗೆ ಒಂದು ಚಪ್ಪಟೆ ಕಲ್ಲು, ಅದು ಅಲ್ಲಿಯ ಕಲ್ಲಲ್ಲ; ಸುತ್ತಲಿನ ಕಲ್ಲಿನ ಮೇಲೆಲ್ಲ ಬೂದು ಹಾವಸೆ, ಇದರ ಮೈ ಬೋಳು. ಯಾರೋ ತಂದಿಟ್ಟ ಕಲ್ಲನ್ನು ಗುರುತಿಸುವುದು ನನ್ನ ವೃತ್ತಿಯ ಅರ್ಧ ಭಾಗವಾಗಿತ್ತು. ರಾತ್ರೋರಾತ್ರಿ ಜರುಗಿದ ಬಾಂದು ಕಲ್ಲುಗಳನ್ನು ಎಷ್ಟು ನೋಡಿಲ್ಲ! ಕಲ್ಲು ಸರಿಸಿದರೆ ಮಾತ್ರೆಯ ಹಳೆಯ ಡಬ್ಬಿ, ಮೇಲೆ ಕಂದು ಬಣ್ಣದ ಅಂಟುಪಟ್ಟಿ, ಒಳಗೆ ಜಿಪ್ ಚೀಲದಲ್ಲಿ ಕಿರುಬೆರಳಿನಷ್ಟು ಅಗಲದ ಕಾಗದದ ಸುರುಳಿ. ರಬ್ಬರ್ ಬ್ಯಾಂಡು ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು. ಮೊಮ್ಮಗಳು ಅದನ್ನು ಉಗುರಿನಿಂದ ಬಿಡಿಸಿ, ಹೊಸ ಚೀಲ ಹಾಕಿ, ಕನ್ನಡದಲ್ಲಿ ಹೆಸರು ಬರೆದಳು. ಡಬ್ಬಿ ಎಲ್ಲಿದೆ ಎಂದು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಆಟ ಕೆಟ್ಟಿತು. ಗೋಣಿಮರವನ್ನು ನಂಬಿ ಹೊರಟರೆ ಮಧುಗಿರಿ ತಾಲ್ಲೂಕು ಮುಗಿಯುವುದಿಲ್ಲ.

ಯಾವ ನಕ್ಷೆಯೂ ತೋರಿಸದ ಒಂದು ಅಡಚಣೆ ಇದೆ: ಜನ. ಹಾಳು ಕೋಟೆ, ಪಾಳು ಗುಡಿಗಳ ಬಳಿ ನಿಧಿಯಾಸೆಗೆ ನೆಲ ಅಗೆಯುವವರ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಹೊಸದಲ್ಲ. ಅಂಥ ಕಡೆ ಇಬ್ಬರು ಫೋನು ಹಿಡಿದು ಬಂಡೆ ಸಂದಿಗಳಲ್ಲಿ ಇಣುಕುತ್ತಿದ್ದರೆ ದನ ಕಾಯುವವರು ಸುಮ್ಮನಿರುತ್ತಾರೆಯೇ? "ನಿಧಿ ಹುಡುಕುತ್ತಿದ್ದೀರಾ?" ಎಂದು ಒಬ್ಬರು ನೇರವಾಗಿ ಕೇಳಿದರು. ಹೌದೆನ್ನುವಂತಿಲ್ಲ, ಅಲ್ಲವೆಂದರೆ ಸುಳ್ಳು. ಮೊಮ್ಮಗಳು ಆಟವನ್ನು ವಿವರಿಸಿದಳು. ಅವರು ಪೂರ್ತಿ ಕೇಳಿ, ಅವಳನ್ನು ಬಿಟ್ಟು ನನ್ನ ಕಡೆ ತಿರುಗಿ, "ಅದಿರಲಿ, ನೀವು ಸರ್ವೆಯವರಲ್ಲವೇ?" ಎಂದರು. ನಿಂತ ಭಂಗಿಯಲ್ಲೇ ಗೊತ್ತಾಗಿರಬೇಕು. ಆಮೇಲೆ ಪ್ರಶ್ನೆಗಳ ಸುರಿಮಳೆ. ರಸ್ತೆ ಅಗಲ ಮಾಡುತ್ತಾರೆಯೇ, ಎತ್ತಿನಹೊಳೆಯ ಪೈಪು ಈ ಕಡೆಯಿಂದ ಬರುತ್ತದೆಯೇ, ಅಣ್ಣತಮ್ಮಂದಿರ ಪೋಡಿಗೆ ಅರ್ಜಿ ಎಲ್ಲಿ ಕೊಡಬೇಕು. ಪೋಡಿಯ ಪ್ರಶ್ನೆಗೆ ಉತ್ತರ ಹೇಳಿದೆ. ಬದಲಿಗೆ ಅವರು ಮೇಲೆ ಹೆಜ್ಜೇನು ಕಟ್ಟಿರುವ ಬಂಡೆಯನ್ನು ತೋರಿಸಿ ಆ ಕಡೆ ಹೋಗಬೇಡಿ ಎಂದರು. ಆ ಎಚ್ಚರಿಕೆ ಯಾವ ಆ್ಯಪ್‌ನಲ್ಲೂ ಇರಲಿಲ್ಲ.

ಹೀಗಾಗಿ ನನ್ನ ಪಟ್ಟಿಗೆ ಐದನೆಯದಾಗಿ ಸರ್ಕಾರದ ದಿಶಾಂಕ್ ಆ್ಯಪನ್ನು ಸೇರಿಸುತ್ತೇನೆ. ಆಟಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ನೀವು ನಿಂತ ನೆಲದ ಗ್ರಾಮ, ಹೋಬಳಿ, ಸರ್ವೆ ನಂಬರನ್ನು ಅದು ಹೇಳುತ್ತದೆ. ಪಟ್ಟಾ ಜಮೀನಿಗೆ ಕಾಲಿಡುತ್ತಿದ್ದೀರೋ ಗೋಮಾಳದಲ್ಲಿದ್ದೀರೋ ಎಂಬ ಅಂದಾಜು ಸಿಗುತ್ತದೆ. ಅಂದಾಜು ಎಂದೇ ತಿಳಿಯಿರಿ. ಹಳೆಯ ಗ್ರಾಮ ನಕಾಶೆಯ ಗೆರೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿದ್ದು ಅದು, ಹದ್ದುಬಸ್ತಿಗೆ ಸಾಕ್ಷಿಯಲ್ಲ. ಡಬ್ಬಿ ಹುಡುಕುವವರಿಗಿಂತ ಇಡುವವರಿಗೆ ಇದು ಹೆಚ್ಚು ಉಪಯೋಗ. ತಾಣದ ನಿಯಮದಂತೆ ಜಾಗದ ಒಡೆಯರ ಒಪ್ಪಿಗೆ ಬೇಕು, ನೆಲ ಅಗೆದು ಹೂಳುವಂತಿಲ್ಲ, ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರವಿರಬೇಕು. ಶಿರಾದ ಮಲಿಕ್ ರಿಹಾನ್ ಗೋರಿ, ನಂದಿ ಗ್ರಾಮದ ಭೋಗನಂದೀಶ್ವರ, ಕೋಲಾರದ ಸೋಮೇಶ್ವರದಂಥ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಡೆ ಕಲ್ಲಿನ ಸಂದಿಗೆ ಡಬ್ಬಿ ತುರುಕುವ ಯೋಚನೆಯನ್ನೇ ಮಾಡಬೇಡಿ. ವಿದುರಾಶ್ವತ್ಥದ ಸಾವಿರಾರು ನಾಗರಕಲ್ಲುಗಳ ನಡುವೆ ಹುಡುಕುವ ಹುಮ್ಮಸ್ಸೂ ಬೇಡ. ಅಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತ್ತು, ಸ್ಮಾರಕ ನೋಡಿ ಸುಮ್ಮನೆ ಬರುವ ಜಾಗ. ಸ್ಕಂದಗಿರಿಗಾದರೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲು, ಡಬ್ಬಿ ಆಮೇಲೆ. ಯಾವ ಜಿಯೋಕ್ಯಾಶ್ ನಕ್ಷೆಯೂ ಇದನ್ನು ನಿಮಗೆ ನೆನಪಿಸುವುದಿಲ್ಲ.

ಡಬ್ಬಿಯೇ ಇಲ್ಲದ ಒಂದು ಬಗೆ ಇದೆ, ಅರ್ಥ್‌ಕ್ಯಾಶ್. ಅಮೆರಿಕದ ಭೂವಿಜ್ಞಾನ ಸಂಘ 2004ರಲ್ಲಿ ಆರಂಭಿಸಿದ್ದು. ಕೊಟ್ಟ ಜಾಗಕ್ಕೆ ಹೋಗಿ, ಅಲ್ಲಿಯ ಕಲ್ಲು ಮಣ್ಣನ್ನು ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಿದರೆ ಸಿಕ್ಕಿದಂತೆ. ನಮ್ಮ ಮೂರು ಜಿಲ್ಲೆಗಳಿಗೆ ಹೊಂದುವ ಬಗೆ ಇದು ಎಂದು ನನ್ನ ಅಭಿಪ್ರಾಯ. ಮಂಗ ಒಯ್ಯುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ, ನಿಧಿಯ ಅನುಮಾನವೂ ಬರುವುದಿಲ್ಲ. ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಅದೇ ಸೀಮೆಯ ಪೆದ್ದಪಲ್ಲಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ ಜ್ವಾಲಾಮುಖಿಯ ಶಿಲೆಗಳಿವೆ. ನೀರಿನಡಿ ಹೊಮ್ಮಿದ ಲಾವಾ ತಟ್ಟನೆ ತಣಿದು ದಿಂಬಿನಾಕಾರ ತಾಳಿದ ಬಂಡೆಗಳು ಅವುಗಳ ಜೊತೆಗಿವೆ. ಬಯಲುಸೀಮೆಯ ಬಿಸಿಲಲ್ಲಿ ನಿಂತು ಇಲ್ಲಿ ಒಮ್ಮೆ ನೀರಿತ್ತು ಎಂದು ಮೊಮ್ಮಗಳಿಗೆ ಹೇಳಿದರೆ, "ಈಗ ಸಾವಿರ ಅಡಿ ಕೊರೆದರೂ ಇಲ್ಲವಲ್ಲ ತಾತಾ" ಎಂದಳು. ಅಂತರಗಂಗೆಯ ಗುಂಡುಗಳು, ಮಧುಗಿರಿಯ ಏಕಶಿಲೆ, ಗುಡಿಬಂಡೆಯ ಬೆಟ್ಟ, ಕೈವಾರದ ಗುಹೆ ಎಂದು ಹೊರಟರೆ ಒಂದು ಹೆದ್ದಾರಿಗೆ ಸಾಕಾಗುವಷ್ಟು ಪಾಠಗಳಿವೆ. ಭೂವಿಜ್ಞಾನ ಓದುವ ಕಾಲೇಜು ಹುಡುಗರು ಯಾರಾದರೂ ಮನಸ್ಸು ಮಾಡಬೇಕು.

ಹಣದ ಮಾತು ಒಂದು ಬಾಕಿ ಇದೆ. ಗೂಗಲ್ ನಕ್ಷೆ, ಸಿ:ಜಿಯೋ, ಆರ್ಗ್ಯಾನಿಕ್ ಮ್ಯಾಪ್ಸ್, ದಿಶಾಂಕ್ ಇವಕ್ಕೆ ಬಿಡಿಗಾಸು ಬೇಡ. ಜಿಯೋಕ್ಯಾಶ್ ತಾಣದ ಚಂದಾ ವರ್ಷಕ್ಕೂ ಉಂಟು, ತಿಂಗಳಿಗೂ ಉಂಟು. ಈ ಹೆದ್ದಾರಿಯಲ್ಲಿ ವರ್ಷದ ಚಂದಾ ಕೊಟ್ಟಷ್ಟು ಡಬ್ಬಿಗಳಿಲ್ಲ. ಮೊಮ್ಮಕ್ಕಳು ಐಫೋನ್ ಹಿಡಿದವರಾದರೆ, ಅಧಿಕೃತ ಆ್ಯಪ್ ಬಿಟ್ಟು ಬೇರೆ ಬೇಡ ಎಂದು ಹಟ ಹಿಡಿದರೆ, ಪ್ರವಾಸದ ತಿಂಗಳಿಗೆ ಮಾತ್ರ ಕಟ್ಟಿ. ತಿಂಗಳು ಮುಗಿದೊಡನೆ ಚಂದಾ ತಾನಾಗಿಯೇ ಮುಂದುವರಿಯುವ ವ್ಯವಸ್ಥೆ ಇರುತ್ತದೆ. ಕಟ್ಟಿದ ದಿನವೇ ಅದನ್ನು ತೆಗೆದುಹಾಕಿ. ಹೆಚ್ಚುವರಿ ಬ್ಯಾಟರಿ ಒಂದು, ಸುರುಳಿಗೆ ಬರೆಯಲು ಪೆನ್ನಿನ ಬದಲು ಪೆನ್ಸಿಲ್ ಒಂದು ಜೇಬಿನಲ್ಲಿರಲಿ. ಒದ್ದೆ ಕಾಗದದ ಮೇಲೆ ಪೆನ್ನು ಮೂಡುವುದಿಲ್ಲ.